ಕಳೆ ಮಷಿನ್‌ಗೆ 160 ರೂಪಾಯಿಯ ಪೆಟ್ರೋಲ್: ನನ್ನ ಅನುಭವ

ಹೋಳಿ ಹೊತ್ತಿಗೆ ಮೂಲೆ ಸೇರಿದ್ದ ಕಳೆ ಹೊಡೆಯುವ ಮಷಿನ್ ಈ ಸಲ ಚೌತಿಗೆ ಮುಂಚೆ ಎರಡು ಮೂರು ಎಳೆತಕ್ಕೇ ಶುರುವಾಯಿತು. ಕಾರ್ಬುರೇಟರ್ ಬಿಚ್ಚಲಿಲ್ಲ, ಮೆಕ್ಯಾನಿಕ್‌ಗೆ ಫೋನ್ ಮಾಡಲಿಲ್ಲ. ಹೋದ ವರ್ಷವೂ ಹೀಗೇ ಆಗಿತ್ತು, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಕಾರಣ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 100: ಲೀಟರಿಗೆ 160 ರೂಪಾಯಿ ಕೊಟ್ಟ, ಎಥನಾಲ್ (ಮಾಮೂಲಿ ಪೆಟ್ರೋಲಿಗೆ ಬೆರೆಸುವ, ತೇವ ಎಳೆದುಕೊಳ್ಳುವ ಸ್ಪಿರಿಟ್) ಇಲ್ಲದ ಪೆಟ್ರೋಲ್. "ನೂರರವತ್ತು ಕೊಟ್ಟು ಹುಲ್ಲಿನ ಮಷಿನ್‌ಗೆ ಪೆಟ್ರೋಲಾ? ಮರುಳಾ ಮಾರಾಯಾ ನಿಂಗೆ?" ಎಂದಿದ್ದ ಭಾವ, ಮೊನ್ನೆ ಅರ್ಧ ಲೀಟರ್ ಕೇಳಿಕೊಂಡು ಬಂದಿದ್ದ.

ಹಿಂದಿನ ಕತೆ ನಿಮಗೆಲ್ಲ ಗೊತ್ತಿರುವುದೇ. ಮಷಿನ್ ಹೊತ್ತುಕೊಂಡು ಶಿರಸಿಗೆ ಹೋಗುವುದು, "ಕಾರ್ಬುರೇಟರ್ ಹೋಯ್ತು" ಅಂತ ಕೇಳಿಕೊಂಡು ಬರುವುದು. ಡೂಪ್ಲಿಕೇಟ್ ಆದರೆ ಐನೂರರೊಳಗೆ, ಬಾಳಿಕೆ ಒಂದೇ ಸೀಸನ್. ಒರಿಜಿನಲ್ ಮೂರು ಸಾವಿರದ ಹತ್ತಿರ. ಪೈಪು, ಪ್ರೈಮರ್ ಬಲ್ಬ್, ಮಜೂರಿ ಸೇರಿ ವರ್ಷಕ್ಕೆ ಎರಡೂವರೆ ಸಾವಿರವಂತೂ ಹೋಗುತ್ತಿತ್ತು. ಮಷಿನ್ ಶುರುವಾಗದೆ ಆಳು ಸುಮ್ನೆ ಕೂತ ದಿನದ ಸಂಬಳ ಬೇರೆ.

ಮೆಕ್ಯಾನಿಕ್ ಹೇಳಿದ್ದು ಪೆಟ್ರೋಲಿಗೆ ಬೆರೆಸುವ ಆಯಿಲ್ ಜಾಸ್ತಿ ಹಾಕಿ ಅಂತ. ಲೀಟರಿಗೆ 20 ಎಂಎಲ್ ಇದ್ದದ್ದನ್ನು 40 ಮಾಡಿ ನೋಡಿದೆ. ಸೈಲೆನ್ಸರ್ ಬಾಯಿಯಲ್ಲಿ ಮಸಿ ಕಟ್ಟಿತು, ಅಷ್ಟೇ. ಆಮೇಲೆ ಆನ್‌ಲೈನಲ್ಲಿ ಏಳೆಂಟು ನೂರು ಕೊಟ್ಟು ಸ್ಟೆಬಿಲೈಸರ್ ಬಾಟಲಿ ತರಿಸಿದೆ. ಅದು ಪೆಟ್ರೋಲ್ ಅಂಟಾಗುವುದನ್ನು ತಡೆಯುತ್ತದೆ ನಿಜ, ಆದರೆ ಒಳಗೆ ಸೇರಿದ ನೀರಿಗೆ ಅದರಿಂದ ಏನೂ ಆಗುವುದಿಲ್ಲ. ನಮ್ಮ ಕಡೆಯ ಮಳೆಗಾಲಕ್ಕೆ ಅದು ಸಾಕಾಗಲಿಲ್ಲ.

ಕೊನೆಗೆ ಪೆಟ್ರೋಲನ್ನೇ ಪರೀಕ್ಷೆ ಮಾಡಿದೆ. 100 ಎಂಎಲ್‌ನ ಗಾಜಿನ ಅಳತೆ ಕೊಳವೆಯಲ್ಲಿ 10 ಎಂಎಲ್ ನೀರು, ಮೇಲೆ 90 ಪೆಟ್ರೋಲ್. ಅಲ್ಲಾಡಿಸಿ ಇಟ್ಟರೆ ಎಥನಾಲ್ ಎಲ್ಲ ನೀರಿನ ಜೊತೆ ಕೆಳಗಿಳಿಯುತ್ತದೆ. ಮಾಮೂಲಿ ಪೆಟ್ರೋಲಿಗೆ ಕೆಳಗಿನ ಗೆರೆ 28ರ ಹತ್ತಿರ ಬಂತು. ಅಂದರೆ 90ರಲ್ಲಿ 18 ಎಥನಾಲ್, ನೂರಕ್ಕೆ 20. ಇ20 ಅನ್ನುವುದು ಇದನ್ನೇ, ಲೆಕ್ಕ ಸರಿಯಾಯಿತು. ದುಬಾರಿ 95 ಆಕ್ಟೇನ್ (ಇಂಜಿನ್ ಕಟಕಟ ಅನ್ನದಂತೆ ಉರಿಯುವ ಗುಣದ ಅಳತೆ) ಪೆಟ್ರೋಲಿಗೂ ಹೆಚ್ಚು ಕಡಿಮೆ ಅಷ್ಟೇ! ಏಳೆಂಟು ರೂಪಾಯಿ ಜಾಸ್ತಿ ಕೊಟ್ಟು ಅದನ್ನು ಹಾಕಿಸುವವರು ಗಮನಿಸಿ. ಎಕ್ಸ್‌ಪಿ 100ರಲ್ಲಿ ಮಾತ್ರ ಗೆರೆ 10 ಬಿಟ್ಟು ಕದಲಲಿಲ್ಲ, ಅಂದರೆ ಎಥನಾಲ್ ಇಲ್ಲ.

ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಮಷಿನ್‌ನವರಿಗೆ ಎಥನಾಲಿನಿಂದ ಇನ್ನೊಂದು ಅಪಾಯ ಇದೆ. ಟ್ಯಾಂಕಿಗೆ ನೀರು ಸೇರಿ ಹೀಗೆ ಎರಡು ಪದರ ಆದರೆ, ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಮಷಿನ್ ಹೀರುವುದು ತಳದ್ದನ್ನು. ಪಿಸ್ಟನ್ ಒಣಗಿ ಹಿಡಿದುಕೊಳ್ಳುತ್ತದೆ. ನಮ್ಮ ಊರಲ್ಲೇ ಒಂದು ಮಷಿನ್ ಹಾಗೆ ಹೋಗಿದೆ. ಪಾಪ, ಎಲ್ಲರೂ ಆಯಿಲ್ ಕಂಪನಿಯನ್ನೇ ಬೈದರು.

ಹಾಗಾದರೆ ಮನೆಯಲ್ಲೇ ನೀರು ಹಾಕಿ ಎಥನಾಲ್ ತೆಗೆದರೆ? ಅದನ್ನೂ ಮಾಡಿದೆ. ಲೀಟರಿಗೆ 800 ಎಂಎಲ್ ಉಳಿಯಿತು. ಹಾಗೆ ನೋಡಿದರೆ ಆಗಿನ 103 ರೂಪಾಯಿಯ ಪೆಟ್ರೋಲ್ ಹೆಚ್ಚು ಕಡಿಮೆ 130 ಆಯಿತು. ಅದರ ಮೇಲೆ ಆಕ್ಟೇನ್ ಇಳಿದು ಮಧ್ಯಾಹ್ನದ ಬಿಸಿಲಲ್ಲಿ ಇಂಜಿನ್ ಕಟಕಟ ಅನ್ನತೊಡಗಿತು. ಬೇರೆಯಾದ ನೀರನ್ನು ತೋಟಕ್ಕೆ ಚೆಲ್ಲುವ ಹಾಗೂ ಇಲ್ಲ. ಬಿಟ್ಟೆ.

ಈಗಿನ ಕ್ರಮ ಇಷ್ಟು. ದಿನಾ ಕೆಲಸ ಇರುವಾಗ ಬಂಕಿನ ಮಾಮೂಲಿ ಪೆಟ್ರೋಲೇ, ಆದರೆ ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ. ಆಯಿಲ್ ಬೆರೆಸುವುದು ಆಯಾ ದಿನದ್ದಕ್ಕೆ. ಸೀಸನ್ ಮುಗಿಯುವಾಗ ಟ್ಯಾಂಕ್ ಖಾಲಿ ಮಾಡಿ, ಒಂದು ಲೋಟದಷ್ಟು ಎಕ್ಸ್‌ಪಿ 100 ಆಯಿಲ್ ಬೆರೆಸಿ ಹಾಕಿ ಹತ್ತು ನಿಮಿಷ ಓಡಿಸುತ್ತೇನೆ. ಮತ್ತೆ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ, ಚೋಕ್ ಹಾಕಿ ನಾಲ್ಕಾರು ಸಲ ಎಳೆಯುತ್ತೇನೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಪಂಪಿನ ಫೋರ್ ಸ್ಟ್ರೋಕ್ ಇಂಜಿನ್‌ಗೆ ಕಾರ್ಬುರೇಟರ್ ತಳದ ಬೋಲ್ಟ್ ಬಿಚ್ಚಿ ಪೆಟ್ರೋಲ್ ಇಳಿಸಿದರೆ ಸಾಕು. ಇದೆಲ್ಲ ಆದ ಮೇಲೆ ಪ್ಲಗ್ ತೂತಿನಿಂದ ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ.

ಎಕ್ಸ್‌ಪಿ 100 ನಮ್ಮಲ್ಲಿ ಸಿಗುವುದಿಲ್ಲ. ತಮ್ಮನ ಮಗ ಬೆಂಗಳೂರಿನಿಂದ ಕಾರಲ್ಲಿ ಬರುವಾಗ ಐದು ಲೀಟರ್ ತರುತ್ತಾನೆ. ವರ್ಷಕ್ಕೆ ಅಷ್ಟೇ ಸಾಕು. ಪ್ಲಾಸ್ಟಿಕ್ ಕ್ಯಾನ್ ಬೇಡವೇ ಬೇಡ. ಮಾರಾಟಕ್ಕಲ್ಲದಿದ್ದರೆ 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಆದರೆ ಲೀಟರಿಗಿಂತ ದೊಡ್ಡ ಕ್ಯಾನ್ ಲೋಹದ್ದೇ ಆಗಬೇಕು ಎನ್ನುತ್ತದೆ 1934ರ ಪೆಟ್ರೋಲಿಯಂ ಕಾಯ್ದೆ. ಕ್ಯಾನ್ ಪೂರ್ತಿ ತುಂಬಿಸಬೇಡಿ, ಎರಡು ಬೆರಳು ಜಾಗ ಇರಲಿ. ಅರ್ಧ ಖಾಲಿ ಇಡುವುದೂ ಬೇಡ, ಒಳಗಿನ ಗಾಳಿಯ ಜೊತೆ ತೇವವೂ ಸೇರುತ್ತದೆ. ನನ್ನದು ಹೆಂಚಿನ ಕೊಟ್ಟಿಗೆಯ ತಂಪು ಮೂಲೆಯಲ್ಲಿದೆ, ಬಚ್ಚಲ ಒಲೆಯಿಂದ ದೂರ. ಮುಚ್ಚಳದ ವಾಷರ್ ನಾನೇ ಕತ್ತರಿಸಿದ್ದು. ಯಾವುದರಿಂದ ಅಂತ ಇಲ್ಲಿ ಹೇಳುವುದಿಲ್ಲ, ಮಾರುಕಟ್ಟೆಯ ರಬ್ಬರ್ ಆರು ತಿಂಗಳಿಗೇ ಉಬ್ಬುತ್ತದೆ.

ಲೀಟರಿಗೆ ಸುಮಾರು 60 ರೂಪಾಯಿ ಜಾಸ್ತಿ ಬಿತ್ತು, ಅಂದರೆ ವರ್ಷಕ್ಕೆ 300. ಈ ಎರಡು ವರ್ಷದಲ್ಲಿ ಬೇರೆ ಖರ್ಚು ಅಂದರೆ ಒಂದು ಪ್ಲಗ್, ಒಂದು ಫಿಲ್ಟರ್. ಮರ ಕೊಯ್ಯುವ ಚೈನ್ ಸಾ ಮಷಿನ್‌ಗೂ ಈಗ ಇದೇ ಕ್ರಮ ಶುರು ಮಾಡಿದ್ದೇನೆ. ಅದರ ಡಯಾಫ್ರಾಮ್ (ಕಾರ್ಬುರೇಟರ್ ಒಳಗಿನ ತೆಳು ಪೊರೆ) ಮೊದಲೇ ಗಟ್ಟಿಯಾಗಿತ್ತು. ಹೊಸದು ಹಾಕಿಸಿದ್ದಕ್ಕೆ ನಾನೂರು ಚಿಲ್ಲರೆ ಆಯಿತು.