ವೀರಗಲ್ಲಿನ ಕೊನೇ ಸಾಲು ಓದೋದು ಹೇಗೆ

ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಒಂದು ದಿನ ಬೈಕಿನಲ್ಲಿ ಸುತ್ತಿದರೆ ವೀರಗಲ್ಲಿಗೆ ಬರವಿಲ್ಲ. ಕೆರೆ ಏರಿ ಮೇಲೆ, ಮಾರಮ್ಮನ ಗುಡಿ ಪಕ್ಕ, ರಾಗಿ ಹೊಲದ ಬದುವಿನಲ್ಲಿ. ಎಲ್ಲರೂ ನೋಡೋದು ಕತ್ತಿ ಹಿಡಿದ ವೀರನನ್ನು. ಒಂದು ಫೋಟೋ ತೆಗೆದು ಹೊರಟುಬಿಡುತ್ತಾರೆ. ನಾನು ಹೇಳೋದು, ಅಲ್ಲೇ ಕುಕ್ಕರಗಾಲಲ್ಲಿ ಕೂತು ಬರಹದ ಕೊನೇ ಸಾಲು ಹುಡುಕಿ. ಸತ್ತವನ ಮನೆಯವರ ಹೊಟ್ಟೆಪಾಡಿಗೆ ಏನು ಕೊಟ್ಟರು ಅನ್ನೋದು ಬರೆದಿದ್ದರೆ ಹೆಚ್ಚಾಗಿ ಅಲ್ಲೇ ಇರುತ್ತದೆ.

ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಕಾದಾಡಿ ಸತ್ತವನ ನೆತ್ತರಿಗೆ ಬದಲಾಗಿ ಮನೆಯವರಿಗೆ ಬಿಟ್ಟುಕೊಟ್ಟ ಜಮೀನು. ಗಂಗರ ಕಾಲದ ಕಲ್ಲುಗಳಲ್ಲಿ ಇದಕ್ಕೆ ಕಲ್ನಾಡು, ಬಾಳ್ಗಳ್ಚು ಅನ್ನೋ ಮಾತುಗಳೂ ಇವೆ. ಪದ್ಧತಿ ವಿಜಯನಗರದವರ, ಪಾಳೆಗಾರರ ಕಾಲದವರೆಗೂ ನಡೆದುಬಂತು. ನಮ್ಮ ಗಡಿಯಲ್ಲಿ ತಮಿಳು ಕಲ್ಲುಗಳೂ ಜಾಸ್ತಿ ಅಲ್ವಾ, ಅವುಗಳಲ್ಲಿ ಉದಿರಪ್ಪಟ್ಟಿ ಅಂತ ಹುಡುಕಿ. ಉದಿರಂ ಅಂದರೂ ರಕ್ತವೇ. ಕನ್ನಡ ಓದೋಕೆ ಬರುವ ಒಬ್ಬರು, ತಮಿಳು ಓದೋಕೆ ಬರುವ ಒಬ್ಬರು ಜೊತೆಗೆ ಹೋದರೆ ಒಳ್ಳೆಯದು. ಎಷ್ಟೋ ಕಲ್ಲುಗಳಲ್ಲಿ ಬರಹವೇ ಇರೋದಿಲ್ಲ, ಬರೀ ಚಿತ್ರ. ಬೇಜಾರು ಮಾಡ್ಕೋಬೇಡಿ, ಮುಂದಿನ ಊರಿಗೆ ಹೋಗಿ.

ಮಧ್ಯಾಹ್ನ ಮಾತ್ರ ಹೋಗಬೇಡಿ. ಬಿಸಿಲು ನೇರ ಬಿದ್ದರೆ ಅಕ್ಷರ ಕಾಣೋದಿಲ್ಲ. ಬೆಳಗ್ಗೆ ಏಳಕ್ಕೋ ಸಂಜೆ ಐದೂವರೆಗೋ ಹೋಗಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಬೆಳಕು ಓರೆಯಾಗಿ ಬಿದ್ದಾಗ ಅಕ್ಷರದ ಗುಣಿಯಲ್ಲಿ ನೆರಳು ನಿಲ್ಲುತ್ತದೆ. ನಮ್ಮ ಊರಿನ ಕಲ್ಲಿಗೆ ತಲೆಮಾರುಗಳಿಂದ ಎಣ್ಣೆ ಹಚ್ಚಿ ಹಚ್ಚಿ ಅದು ಬಾಣಲೆ ತಳದ ಹಾಗೆ ಕಪ್ಪಗಾಗಿತ್ತು. ಪೂಜೆ ಮಾಡುವ ಅಜ್ಜಿಯ ಹತ್ತಿರ ಕೇಳಿಕೊಂಡು, ಬರೀ ನೀರು ಮತ್ತು ತೆಂಗಿನ ನಾರಿನಿಂದ ಮೆತ್ತಗೆ ತೊಳೆದೆವು. ರಾತ್ರಿ ಟಾರ್ಚ್ ಹಿಡಿದಾಗ ಮೊದಲು 'ಕೊ' ಕಂಡಿತು, ಆಮೇಲೆ 'ಡ'. ಮುಂದಿನದು ಮಣ್ಣಿನೊಳಗೆ. ಅಜ್ಜಿ ನನ್ನ ಪಕ್ಕದಲ್ಲೇ ಬಗ್ಗಿ ಆ ಎರಡು ಅಕ್ಷರದ ಮೇಲೆ ಬೆರಳಾಡಿಸಿದರು. ತಂತಿ ಬ್ರಷ್, ಆಸಿಡ್, ಪೇಂಟ್ ಯಾವುದೂ ಬೇಡ. ಸೀಮೆಸುಣ್ಣದಲ್ಲಿ ತಿದ್ದಿದರೆ ನಿಮ್ಮ ಊಹೆಯೇ ಅಕ್ಷರವಾಗಿಬಿಡುತ್ತದೆ.

ಬರಹ ಹೆಚ್ಚಾಗಿ ಚಿತ್ರಗಳ ನಡುವಿನ ಪಟ್ಟಿಯಲ್ಲಿ ಇರುತ್ತದೆ. ಮೊದಲು ಕಾಲ. ಶಕ ವರ್ಷ ಸಿಕ್ಕರೆ 78 ಕೂಡಿಸಿ, ನಮ್ಮ ಇಸವಿ ಬರುತ್ತದೆ. ಆಮೇಲೆ ಸತ್ತದ್ದು ಹೇಗೆ: 'ತುಱು' ಅಂದರೆ ದನ, ದನ ಹಿಡಿದವರ ಮೇಲೆ ಬಿದ್ದು ಸತ್ತವರೇ ಬಹಳ. ಕೊನೆಗೆ ಭೂಮಿ. ಗದ್ದೆ ಅಂದರೆ ನೀರಾವರಿ, ಬೆದ್ದಲು ಅಂದರೆ ಮಳೆ ನಂಬಿದ್ದು. ಅಳತೆ ಎಕರೆಯಲ್ಲಿಲ್ಲ, ಬಿತ್ತನೆ ಬೀಜದಲ್ಲಿ: ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಸರ್ವಮಾನ್ಯ ಅಂತಿದ್ದರೆ ಕಂದಾಯ ಇಲ್ಲ. ಮೇಲಿನ ಸೂರ್ಯ ಚಂದ್ರರನ್ನು ಸುಮ್ನೆ ಕೆತ್ತಿಲ್ಲ, ಅವರು ಇರೋವರೆಗೂ ಇದು ನಡೀಬೇಕು ಅಂತ. ತಪ್ಪಿದವನಿಗೆ ಗಂಗೆಯ ದಡದಲ್ಲಿ ಕವಿಲೆ ಹಸು ಕೊಂದ ಪಾಪ ಅನ್ನೋ ಶಾಪವೂ ಸಿಗಬಹುದು. ಮುಂದೆ ಬರುವ ಒಡೆಯ ಆ ಮಕ್ಕಳ ಬಾಯಿಂದ ತುತ್ತು ಕಿತ್ತುಕೊಳ್ಳಬಾರದು, ಅದಕ್ಕೆ.

ಒಂದು ಎಚ್ಚರಿಕೆ. ಕೊಡಗೆ ಅಂದರೆ ಬಿಟ್ಟುಕೊಟ್ಟ ಜಮೀನು ಅಷ್ಟೇ, ಅದು ಕಂಡ ತಕ್ಷಣ ನೆತ್ತರುಗೊಡಗೆ ಅನ್ಕೋಬೇಡಿ. ಕೆರೆ ಕಟ್ಟಿದವರಿಗೂ ಕೊಡಗೆ ಇತ್ತು. ಹಿಂದಿನ ಪದ ನೋಡಿ.

ಯಾರಿಗೆ ಕೊಟ್ಟರು ಅನ್ನೋದನ್ನು ಬಿಡಬೇಡಿ. ಹೊಸೂರಿನಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ಬೇಗೂರಿನ ಗಂಗರ ಕಲ್ಲು ಈಗ ಬೆಂಗಳೂರು ಮ್ಯೂಸಿಯಂನಲ್ಲಿದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಅನ್ನೋ ವೀರ ಸತ್ತ ಮೇಲೆ ಗಂಗರ ದೊರೆ ಎರೆಯಪ್ಪ, ಇರುಗ ಅನ್ನುವವನಿಗೆ ಹನ್ನೆರಡು ಊರು ಕೊಟ್ಟ ಅಂತ ಅದರಲ್ಲಿ ಇದೆ. ಅದು ದೊಡ್ಡವರ ಲೆಕ್ಕ. ನಮ್ಮ ಬದುವಿನ ಕಲ್ಲುಗಳಲ್ಲಿ ಇರೋದು ಕೆಲವು ಕೊಳಗ ಗದ್ದೆ, ಮಗನಿಗೆ. ಹೆಂಡತಿ ಎಲ್ಲಿ ಅಂತ ಕೇಳಿ. ಬಳೆ ತೊಟ್ಟ ಕೈಯೊಂದು ಮೇಲೆದ್ದಿದ್ದರೆ ಅದು ಮಾಸ್ತಿಗಲ್ಲು, ಗಂಡನ ಜೊತೆ ಚಿತೆಗೆ ಹೋದವಳು. ಬದುಕುಳಿದ ವಿಧವೆ ಏನು ಕೇಳಿದಳು ಅನ್ನೋದು ನಮ್ಮ ಕಲ್ಲುಗಳಲ್ಲಿ ಸಿಗೋದಿಲ್ಲ, ಇದು ನನಗೆ ತುಂಬಾ ನೋವಿನ ಸಂಗತಿ.

ಇಂಗ್ಲೆಂಡಿನಲ್ಲಿ ಅದು ಸಿಗುತ್ತದೆ. ಗಾಯಗೊಂಡ ಸೈನಿಕರಿಗಾಗಿ ಊರೂರಿನಿಂದ ವಾರದ ವಂತಿಗೆ ಎತ್ತುವ ಕಾನೂನು ಅಲ್ಲಿ 1593ರಲ್ಲೇ ಬಂತು. 1642ರಲ್ಲಿ ರಾಜನ ವಿರುದ್ಧ ಯುದ್ಧಕ್ಕೆ ಇಳಿದ ಪಾರ್ಲಿಮೆಂಟು ಸತ್ತವರ ಹೆಂಡತಿ ಮಕ್ಕಳನ್ನು ನೋಡಿಕೊಳ್ಳುವ ಮಾತು ಕೊಟ್ಟಿತು. ವಿಧವೆ ಅರ್ಜಿ ಬರೆಸಿಕೊಂಡು ನ್ಯಾಯಾಧೀಶರ ಮುಂದೆ ನಿಲ್ಲಬೇಕಿತ್ತು: ಗಂಡ ಯಾವ ದಳದಲ್ಲಿದ್ದ, ಎಲ್ಲಿ ಸತ್ತ, ಮಕ್ಕಳೆಷ್ಟು. ಆ ಕಾಗದಗಳು ಉಳಿದಿವೆ. ಆದರೆ 1660ರಲ್ಲಿ ರಾಜ ವಾಪಸ್ ಬಂದ ಮೇಲೆ ಪಾರ್ಲಿಮೆಂಟ್ ಕಡೆಯವರ ಪಿಂಚಣಿ ನಿಂತಿತು, 1662ರ ಕಾನೂನು ರಾಜನ ಕಡೆ ಹೋರಾಡಿದವರಿಗೆ ಮಾತ್ರ.

ನಮ್ಮಲ್ಲಿ ಕಲ್ಲಿನಿಂದ ಕಾಗದಕ್ಕೆ ಬರೋ ದಾರಿ ಇನಾಂ. 1858ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಇನಾಂ ಕಮಿಷನ್ ಕೂತು ಕಂದಾಯವಿಲ್ಲದ ಜಮೀನುಗಳನ್ನೆಲ್ಲ ಪರಿಶೀಲಿಸಿತು. ಆ ಇನಾಂ ರಿಜಿಸ್ಟರಿನಲ್ಲಿ ನಿಮ್ಮ ಊರಿನ ಹೆಸರು ನೋಡಿ. ಹೊಲಗಳ ಹಳೇ ಹೆಸರೂ ಕೇಳಿ. ಕೊಡಗಿ ಹೊಲ, ಮಾನ್ಯದ ಹೊಲ ಅಂತ ಯಾರಾದರೂ ಹಿರಿಯರ ಬಾಯಲ್ಲಿ ಬಂದರೆ ತಕ್ಷಣ ಬರೆದುಕೊಳ್ಳಿ.

ಕಲ್ಲಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಕಂಡ ಅಕ್ಷರ ಮಾತ್ರ ಬರೆಯಿರಿ, ಕಾಣದ ಕಡೆ ಚುಕ್ಕೆ ಇಡಿ. ಕಲ್ಲನ್ನು ಎತ್ತೋದು, ಬುಡ ಅಗೆಯೋದು ಪುರಾತತ್ವ ಇಲಾಖೆಯವರು ಬಂದ ಮೇಲೆಯೇ. ನಮ್ಮ ಊರಿನ ಕಲ್ಲಿನ 'ಕೊಡ' ಆದ ಮೇಲೆ ನಾನೂ ಚುಕ್ಕೆಗಳನ್ನೇ ಇಟ್ಟಿದ್ದೇನೆ.