ಅಪ್ಪನ ಬಿಪಿ ನೋಡುವಾಗ ನಾವು ಕಲಿತದ್ದು

ಅಪ್ಪನಿಗೆ ಪಾರ್ಕಿನ್ಸನ್, ಅಂದರೆ ಕೈ ನಡುಗಿಸುವ ನರರೋಗ. ಮಳೆಗಾಲದ ಒಂದು ಬೆಳಿಗ್ಗೆ ಅವರು ಬಚ್ಚಲಮನೆಯ ಹೊಸ್ತಿಲಲ್ಲಿ ಕುಸಿದು ಕೂತರು. "ಎಂತದೂ ಆಜಿಲ್ಲೆ" ಅಂದರು. ಹಿಂದಿನ ಸಂಜೆಯಷ್ಟೇ ಕುರ್ಚಿಯಲ್ಲಿ ಕೂರಿಸಿ ಬಿಪಿ ನೋಡಿದ್ದೆ. 132/80 ಇತ್ತು. "ಚೊಲೋ ಇದ್ದು" ಎಂದು ಆಯಿಗೂ ಸಮಾಧಾನ. ಮಷಿನ್ ಸರಿಯಾಗಿಯೇ ಹೇಳಿತ್ತು, ನಾನು ಕೇಳಿದ್ದೇ ಅರ್ಧ.

ಎದ್ದು ನಿಂತಾಗ ಎಲ್ಲರಿಗೂ ರಕ್ತ ಕಾಲಿನ ಕಡೆ ಇಳಿಯುತ್ತದೆ. ರಕ್ತನಾಳ ಬಿಗಿ ಮಾಡಿ ಬಿಪಿ ಕಾಯುವುದು ನರಗಳ ಕೆಲಸ. ಪಾರ್ಕಿನ್ಸನ್ ಆ ನರಗಳಿಗೂ ತಾಗಬಹುದು. ಆ ರೋಗಕ್ಕೆ ಕೊಡುವ ಲೆವೊಡೋಪಾ ಮಾತ್ರೆಯೂ ಬಿಪಿ ಇಳಿಸಬಹುದು. ಹಾಗಾಗಿ ಮಲಗಿಸಿ, ನಿಲ್ಲಿಸಿ ಎರಡೂ ನೋಡಬೇಕು.

ಈಗ ನಾವು ಮಾಡುವುದು ಹೀಗೆ. ಎಲೆಯಡಿಕೆಯ ಕವಳ, ಕಾಫಿ ಎರಡೂ ಅರ್ಧ ಗಂಟೆ ಮೊದಲೇ ಬಂದ್. (ಕಾಫಿ ಬಿಡುತ್ತಾರೆ. ಕವಳದ ಸಂಚಿ ಮಾತ್ರ ನಾನೇ ಅಡಗಿಸಿ ಇಡಬೇಕು.) ಮಂಚದ ಮೇಲೆ 5 ನಿಮಿಷ ಸುಮ್ನೆ ಮಲಗಿಸಿ ಒಮ್ಮೆ ನೋಡುತ್ತೇನೆ. ಆಮೇಲೆ ಗೋಡೆ ಪಕ್ಕ ನಿಲ್ಲಿಸಿ 1 ನಿಮಿಷವಾದಾಗ ಒಂದು ಸಲ, 3 ನಿಮಿಷವಾದಾಗ ಇನ್ನೊಂದು ಸಲ. ಹಿಂದೆ ಕುರ್ಚಿ, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಕಣ್ಣು ಕತ್ತಲೆ ಬಂತು ಅಂದರೆ ಅಳತೆ ಅಲ್ಲಿಗೇ ಬಿಟ್ಟು ಕೂರಿಸಿ. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಬೇಕು. ಅಪ್ಪನಿಗೆ ಮಲಗಿದಾಗ 148/84, ನಿಂತು 3 ನಿಮಿಷಕ್ಕೆ 116/70. ನಾಡಿ ಮಾತ್ರ 72ರಿಂದ 77 ಅಷ್ಟೇ. ಬಿಪಿ ಅಷ್ಟು ಇಳಿದರೆ ನಾಡಿ ಚೆನ್ನಾಗಿ ಏರಬೇಕಿತ್ತು. ಏರದಿದ್ದರೆ ನರದ ತೊಂದರೆಯ ಅನುಮಾನ. ಅದಕ್ಕೇ ನಾಡಿಯನ್ನೂ ಬರೆದಿಡಿ.

ನಿಂತಾಗ ಕೈ ಜೋತು ಬಿಡಬಾರದು, ಇಲ್ಲೇ ನಾನು ಬಹಳ ದಿನ ಮೋಸಹೋದೆ. ತೋಳಿಗೆ ಮಷಿನ್ನಿನ ಪಟ್ಟಿ ಕಟ್ಟಿದ ಜಾಗ ಎದೆಯ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಬಿಪಿ 7-8 ಜಾಸ್ತಿ ತೋರಿಸುತ್ತದೆ. ಇಳಿದದ್ದು ಗೊತ್ತೇ ಆಗುವುದಿಲ್ಲ. ನಾನೀಗ ಅಪ್ಪನ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟುಕೊಂಡು, ಪಟ್ಟಿ ಅವರ ಎದೆಯ ಮಟ್ಟಕ್ಕೆ ಬರುವ ಹಾಗೆ ಬಗ್ಗಿ ನಿಲ್ಲುತ್ತೇನೆ.

ಇನ್ನು ನಡುಕ. ಪಾರ್ಕಿನ್ಸನ್ ನಡುಕ ಕೈ ಸುಮ್ನೆ ಇಟ್ಟಾಗಲೇ ಜಾಸ್ತಿ ಅಲ್ವಾ? ಬಿಪಿ ನೋಡುವಾಗ ಕೈ ಸುಮ್ನೆ ಇಡಲೇಬೇಕು! ಮಷಿನ್ ಪಟ್ಟಿಯೊಳಗಿನ ಸಣ್ಣ ಅದುರು ಹಿಡಿದು ಲೆಕ್ಕ ಹಾಕುತ್ತದೆ. ಅದುರಿದ್ದು ನಾಡಿಯೋ ಕೈಯೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅಪ್ಪನಿಗೆ ಬಲಗೈ ನಡುಕ, ಹಾಗಾಗಿ ನಮ್ಮದು ಯಾವಾಗಲೂ ಎಡಗೈ. ಮಲಗಿದಾಗ ಕೈ ಕೆಳಗೆ ಮಡಚಿದ ಕಂಬಳಿ. ಮಾತಾಡಿಸುವುದಿಲ್ಲ, ಮಾತಾಡಿದರೆ ನಡುಕವೂ ಏರುತ್ತದೆ, ಬಿಪಿಯೂ ಏರುತ್ತದೆ. ನಂಬರ್ ವಿಚಿತ್ರ ಬಂದರೆ 1 ನಿಮಿಷ ಬಿಟ್ಟು ಮತ್ತೊಮ್ಮೆ. ಆದರೂ ಕೂಡದಿದ್ದರೆ ಸ್ಟೆತಸ್ಕೋಪ್ ಇಟ್ಟು ನೋಡುವವರ ಹತ್ತಿರ ಹೋಗಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಕೈಗಡಿಯಾರದ ನಾಡಿ, ಇವನ್ನೂ ನಡುಗುವ ಕೈಯಲ್ಲಿ ನಂಬಬೇಡಿ.

ಇಸಿಜಿಗೆ ಶಿರಸಿ ಪೇಟೆಗೆ ಹೋದರೆ ಮೊದಲೇ ಪಾರ್ಕಿನ್ಸನ್ ಇದೆ ಅನ್ನಿ. ನಡುಕ ಸೆಕೆಂಡಿಗೆ 4ರಿಂದ 6 ಸಲ, ಅಂದರೆ ನಿಮಿಷಕ್ಕೆ 240ರಿಂದ 360. ಕಾಗದದ ಮೇಲೆ ಅದು ಹೃದಯದ ತಾಳ ತಪ್ಪಿದ ಹಾಗೇ ಕಾಣಬಹುದು.

ಒಂದೇ ಹೊತ್ತಿನ ಲೆಕ್ಕ ಸಾಲದು. ಮಾತ್ರೆಗೆ ಮೊದಲು, ಮಾತ್ರೆಯಾಗಿ ಒಂದು ಗಂಟೆಗೆ, ಮಧ್ಯಾಹ್ನದ ಊಟವಾಗಿ ಒಂದು ಗಂಟೆಗೆ, ಹೀಗೆ ಒಂದು ವಾರ. ಊಟವಾದ ಮೇಲೂ ಬಿಪಿ ಇಳಿಯಬಹುದು. ನಂಬರ್ ನೋಡಿ ನೀವೇ ಮಾತ್ರೆ ಬಿಡಬೇಡಿ, ಹೆಚ್ಚಿಸಲೂಬೇಡಿ. ನಂಬರ್ ಬರೆದ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ ಕೇಳಿ.

ಪಟ್ಟಿ ಬರೆಯುವುದು ಅಪ್ಪನೇ. ಅಕ್ಷರ ಈಗ ಇರುವೆ ಗಾತ್ರಕ್ಕೆ ಬಂದಿದೆ, ಇದೂ ಪಾರ್ಕಿನ್ಸನ್ನಿನದೇ. 3 ಯಾವುದು, 8 ಯಾವುದು ಎಂದು ಕೇಳಿದರೆ ಸಿಟ್ಟು. ಹಾಗಾಗಿ ಅವರು ಎದ್ದು ಹೋದ ಮೇಲೆ ಪಕ್ಕದಲ್ಲಿ ನಾನೂ ಒಮ್ಮೆ ಬರೆದಿಡುತ್ತೇನೆ.