ದ್ರಾಕ್ಷಿ ಒಣಗುವ ಹೊತ್ತಿಗೆ ಕೋಂಪೆತಾಕ್ಕೆ ಹೋಗಿಬನ್ನಿ

ಸ್ಪೇನಿನ ದಕ್ಷಿಣದಲ್ಲಿರುವ ಮಾಲಗಾ ಪ್ರಾಂತ್ಯಕ್ಕೆ ಹೋದವರಲ್ಲಿ ಹೆಚ್ಚಿನವರು ಕಡಲತೀರದಲ್ಲೇ ಉಳಿದುಬಿಡುತ್ತಾರೆ. ಬೆಟ್ಟದ ಮೇಲೆ ಬೆಳ್ಳಗೆ ಹೊಳೆಯುವ ಊರುಗಳಿಗೆ ಒಂದು ಮಧ್ಯಾಹ್ನ ಹತ್ತಿ, ಓಣಿಯಲ್ಲಿ ನಾಲ್ಕು ಫೋಟೊ ತೆಗೆದು, ಸಂಜೆಯೊಳಗೆ ಇಳಿದುಬರುತ್ತಾರೆ. ಸುಣ್ಣ ಬಳಿದ ಗೋಡೆಗಳನ್ನಷ್ಟೇ ನೋಡಿ ಬಂದರೆ ಊರಿನ ಅರ್ಧ ಭಾಗವೂ ಕಂಡಂತಾಗುವುದಿಲ್ಲ. ಆ ಊರುಗಳನ್ನು ಶತಮಾನಗಳಿಂದ ಸಾಕಿದ್ದು ಸುತ್ತಲಿನ ಕಡಿದಾದ ಇಳಿಜಾರುಗಳಲ್ಲಿ ಬೆಳೆಯುವ ದ್ರಾಕ್ಷಿ. ಅದರ ಕೊಯ್ಲು, ಒಣಗಿಸುವ ಕೆಲಸ, ವೈನ್ ಮೂರನ್ನೂ ಕಾಣುವಂತೆ ಪ್ರವಾಸವನ್ನು ಹೊಂದಿಸಿಕೊಳ್ಳುವುದು ಹೇಗೆ ಎಂಬುದನ್ನು ಕೋಂಪೆತಾ ಎಂಬ ಹಳ್ಳಿಯನ್ನು ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮಾಲಗಾ ನಗರದ ಪೂರ್ವಕ್ಕಿರುವ ಬೆಟ್ಟಸೀಮೆಯ ಹೆಸರು ಆಕ್ಸಾರ್ಕಿಯಾ. ಅಲ್ಲಿನ ಅಲ್ಮಿಹಾರಾ ಪರ್ವತದ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ ಕೋಂಪೆತಾ ಇದೆ. ಇದೇ ಸೀಮೆಯ ಫ್ರಿಹಿಲಿಯಾನಾ ಇದಕ್ಕಿಂತ ಹೆಸರುವಾಸಿ. ತೀರಕ್ಕೆ ಹತ್ತಿರವಿರುವುದರಿಂದ ಅಲ್ಲಿ ಹಗಲೆಲ್ಲ ಜನಜಂಗುಳಿ. ದ್ರಾಕ್ಷಿಗಾಗಿ ಹೋಗುವವರಿಗೆ ನನ್ನ ಆಯ್ಕೆ ಕೋಂಪೆತಾವೇ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ವಿಮಾನದ ಟಿಕೆಟ್ ಯಾವಾಗ ಅಗ್ಗವೆಂದು ನೋಡುವ ಮುಂಚೆ ದ್ರಾಕ್ಷಿ ಯಾವಾಗ ಮಾಗುತ್ತದೆಂದು ನೋಡಬೇಕು. ಇಲ್ಲಿ ಬೆಳೆಯುವ ತಳಿ ಮುಖ್ಯವಾಗಿ ಮಸ್ಕತ್ ಆಫ್ ಅಲೆಕ್ಸಾಂಡ್ರಿಯಾ. ಸ್ಥಳೀಯರು ಮೊಸ್ಕಾತೆಲ್ ಎನ್ನುತ್ತಾರೆ. ದಪ್ಪ ಕಾಯಿ, ಒಳಗೆ ಬೀಜ, ಮೂಗಿಗೆ ಹೂವಿನಂಥ ಪರಿಮಳ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಕೊಯ್ಲು ನಡೆಯುತ್ತದೆ. ಆಗಸ್ಟ್ 15ರಂದು ಕೋಂಪೆತಾದಲ್ಲಿ 'ನೋಚೆ ದೆಲ್ ವೀನೊ', ಅಂದರೆ ವೈನ್ ರಾತ್ರಿಯ ಹಬ್ಬ. 1970ರ ದಶಕದಿಂದ ನಡೆದುಬಂದ ಈ ಹಬ್ಬದಲ್ಲಿ ಬರಿಗಾಲಿನಲ್ಲಿ ದ್ರಾಕ್ಷಿ ತುಳಿಯುತ್ತಾರೆ, ಬಂದವರಿಗೆಲ್ಲ ಊರಿನ ವೈನ್ ಹಂಚುತ್ತಾರೆ, ರಾತ್ರಿ ಫ್ಲಮೆಂಕೊ ಹಾಡು ಕುಣಿತ ಇರುತ್ತದೆ. ಹಬ್ಬದ ಗದ್ದಲ ಇಷ್ಟಪಡುವವರು ಆ ದಿನಕ್ಕೆ ಹೋಗಲಿ. ಕೋಣೆಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಕೆಲಸವನ್ನೇ ಹತ್ತಿರದಿಂದ ನೋಡಬೇಕೆನ್ನುವವರಿಗೆ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ನಡುಭಾಗದವರೆಗಿನ ದಿನಗಳು ಲೇಸು. ಆ ಹೊತ್ತಿಗೆ ಇಳಿಜಾರುಗಳಲ್ಲಿ ದ್ರಾಕ್ಷಿ ಒಣಗುತ್ತಿರುತ್ತದೆ.

ವೀಸಾ ಮತ್ತು ದಾರಿ

ಸ್ಪೇನಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ, ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕಡೆಯ ಗಡುವು ಪ್ರಯಾಣಕ್ಕೆ 15 ದಿನ ಮುಂಚೆ. ಬೇಸಿಗೆಯಲ್ಲಿ ಅರ್ಜಿದಾರರ ಸಾಲು ದೊಡ್ಡದಿರುವುದರಿಂದ ಮೂರು ತಿಂಗಳು ಮೊದಲೇ ಮುಗಿಸಿಕೊಂಡರೆ ನೆಮ್ಮದಿ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ಪ್ರಯಾಣ ವಿಮೆ ಕಡ್ಡಾಯ.

ಮ್ಯಾಡ್ರಿಡ್‌ನಲ್ಲಿ ಇಳಿದವರು ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆಯೊಳಗೆ ಮಾಲಗಾ ಸೇರಬಹುದು. ಅಲ್ಲಿ ರೈಲು ನಿಲ್ದಾಣದ ಪಕ್ಕದಲ್ಲೇ ಬಸ್ ನಿಲ್ದಾಣ. ಕೋಂಪೆತಾ ಸುಮಾರು 50 ಕಿಲೋಮೀಟರ್ ದೂರ. ಬಸ್ಸುಗಳು ಬೆರಳೆಣಿಕೆಯಷ್ಟು, ಭಾನುವಾರ ಇನ್ನೂ ಕಡಿಮೆ. ಹೋಗುವ ಬಸ್ಸಿನ ಜೊತೆಗೆ ಮರಳುವ ಬಸ್ಸಿನ ವೇಳೆಯನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಕಾರು ಬಾಡಿಗೆಗೆ ಪಡೆಯುವುದಾದರೆ ನಮ್ಮ ಚಾಲನಾ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪತ್ರವನ್ನೂ ಊರಿನಲ್ಲೇ ಮಾಡಿಸಿಕೊಂಡು ಹೋಗಬೇಕು. ಅಲ್ಲಿ ವಾಹನ ಓಡಿಸುವುದು ರಸ್ತೆಯ ಬಲಗಡೆ. ಹೆದ್ದಾರಿ ಬಿಟ್ಟು ಅಲ್ಗರ್ರೋಬೊ, ಸಯಲೋಂಗಾ ಊರುಗಳನ್ನು ದಾಟಿ ಹತ್ತುವ ದಾರಿಯಲ್ಲಿ ತಿರುವುಗಳು ಒಂದರ ಹಿಂದೊಂದು ಬರುತ್ತವೆ. ಕತ್ತಲಾಗುವ ಮೊದಲೇ ಮೇಲೆ ತಲುಪುವಂತೆ ಹೊರಡಿ. ಕಾರನ್ನು ಊರ ಅಂಚಿನಲ್ಲೇ ನಿಲ್ಲಿಸಿ. ಒಳಗಿನ ಓಣಿಗಳು ಕಾಲ್ನಡಿಗೆಗೆ, ಹೇಸರಗತ್ತೆಗೆ ಆದಂಥವು.

ಹತ್ತುವಾಗ ಕಿಟಕಿಯಾಚೆ ಗಮನವಿರಲಿ. ಕೆಳಗಿನ ತಗ್ಗಿನಲ್ಲಿ ಮಾವು ಮತ್ತು ಬೆಣ್ಣೆಹಣ್ಣಿನ ತೋಟಗಳು ಸಿಗುತ್ತವೆ. ಯುರೋಪಿನಲ್ಲಿ ಮಾವಿನ ತೋಪು ಕಂಡು ನಮ್ಮವರಿಗೆ ಅಚ್ಚರಿಯಾಗುವುದು ಸಹಜ. ಆಸ್ಟೀನ್ ಎಂಬ ತಳಿ ಇಲ್ಲಿ ಹೆಚ್ಚು, ಕೊಯ್ಲು ಸೆಪ್ಟೆಂಬರ್ ಆಸುಪಾಸು. ನೀರು ಹಾಯಿಸಬಲ್ಲ ಜಮೀನೆಲ್ಲ ಈ ಹಣ್ಣುಗಳ ಕಡೆಗೆ ಹೊರಳಿದೆ. ಬರಗಾಲ ಬಂದಾಗ ವಿನ್ಯುವೆಲಾ ಜಲಾಶಯದ ಮಟ್ಟ ಕುಸಿದು ಇದೇ ತೋಟಗಳು ಬಾಯಾರಿ ನಿಲ್ಲುತ್ತವೆ. ಮೇಲೆ ಹೋದಂತೆ ನೀರಾವರಿ ಮುಗಿದು, ಬರೀ ಮಳೆಯನ್ನು ನಂಬಿದ ದ್ರಾಕ್ಷಿ ಶುರುವಾಗುತ್ತದೆ. ಚಪ್ಪರವಿಲ್ಲ, ತಂತಿಯಿಲ್ಲ. ಗಿಡ್ಡ ಬಳ್ಳಿಗಳು ಒಡೆದ ಪದರಗಲ್ಲಿನ ನೆಲದ ಮೇಲೆ ಒಂದೊಂದಾಗಿ ಕೂತಿರುತ್ತವೆ.

ಎರಡು ರಾತ್ರಿಯಾದರೂ ಉಳಿಯಿರಿ

ಹಗಲು ಬಂದುಹೋಗುವವರಿಗೆ ಊರು ಮುಚ್ಚಿದ ಬಾಗಿಲುಗಳನ್ನಷ್ಟೇ ತೋರಿಸುತ್ತದೆ, ಏಕೆಂದರೆ ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿಗಳು ಮುಚ್ಚಿರುತ್ತವೆ. ಹೊರಗೆ ಓಡಾಡಲು ಬೆಳಗಿನ ಹೊತ್ತು ಮತ್ತು ಸಂಜೆ ಆರರ ನಂತರದ ಹೊತ್ತು ಸರಿ. ಊಟಕ್ಕೆ ಜನ ಸೇರುವುದು ರಾತ್ರಿ ಒಂಬತ್ತರ ಸುಮಾರಿಗೆ. ಚರ್ಚಿನ ಮುಂದಿನ ಅಲ್ಮಿಹಾರಾ ಚೌಕದಲ್ಲಿ ಸಂಜೆ ಕುಳಿತರೆ ಅಜ್ಜಿಯರು, ಚೆಂಡಾಡುವ ಮಕ್ಕಳು, ತೋಟದಿಂದ ಬಂದವರು ಎಲ್ಲರೂ ಕಣ್ಣಿಗೆ ಬೀಳುತ್ತಾರೆ.

ಬೆಳಿಗ್ಗೆ ಓಣಿಗಳಲ್ಲಿ ನಡೆಯುವಾಗ ಗೋಡೆಯ ಮೂಲೆಗಳನ್ನು ಹತ್ತಿರದಿಂದ ನೋಡಿ. ವರ್ಷ ವರ್ಷವೂ ಸುಣ್ಣ ಬಳಿದು ಬಳಿದು, ಪದರದ ಮೇಲೆ ಪದರ ಕೂತು, ಹಳೆಯ ಮನೆಗಳ ಚೂಪು ಅಂಚುಗಳೆಲ್ಲ ದುಂಡಗಾಗಿರುತ್ತವೆ. ಕಲ್ಲಿನ ಸಂದುಗಳು ಮುಚ್ಚಿಹೋಗಿ ಗೋಡೆ ಮೈತುಂಬಿಕೊಂಡಂತಿರುತ್ತದೆ. ಸುಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಗೋಡೆಯ ತೇವ ಆರಿಹೋಗಲು ಬಿಡುತ್ತದೆ, ಹುಳ ಹುಪ್ಪಟೆಯನ್ನೂ ದೂರವಿಡುತ್ತದೆ. ಈಗ ಹಲವರು ಡಬ್ಬಿಯ ಬಣ್ಣಕ್ಕೆ ಬದಲಾಗಿದ್ದಾರೆ. ಅದು ಸಪಾಟಾಗಿರುತ್ತದೆ, ತೇವ ಹಿಡಿದರೆ ಸಿಪ್ಪೆಯಾಗಿ ಏಳುತ್ತದೆ. ಸುಣ್ಣದ ಗೋಡೆಯ ಮೇಲೆ ಅಂಗೈ ಸವರಿದರೆ ಬಿಳಿ ಪುಡಿ ಹತ್ತುತ್ತದೆ. ಓಣಿಗಳು ಇಷ್ಟು ಇಕ್ಕಟ್ಟಾಗಿ, ತಿರುಗಿ ತಿರುಗಿ ಸಾಗುವುದು ಮುಸ್ಲಿಂ ಆಳ್ವಿಕೆಯ ಕಾಲದ ಬಳುವಳಿ. 1487ರಲ್ಲಿ ಈ ಸೀಮೆ ಕ್ಯಾಸ್ಟೀಲಿನ ಕ್ರೈಸ್ತ ದೊರೆಗಳ ಕೈಸೇರಿದ ಮೇಲೂ ಊರಿನ ಎಲುಬುಗೂಡು ಹಾಗೆಯೇ ಉಳಿಯಿತು. ಕೆಳಗಿನ ಕಣಿವೆಯ ಆರ್ಚೆಸ್ ಹಳ್ಳಿಗೆ ಹೋದರೆ 14ನೇ ಶತಮಾನದ ಇಟ್ಟಿಗೆಯ ಮಿನಾರೊಂದು ಚರ್ಚಿನ ಗಂಟೆಗೋಪುರವಾಗಿ ನಿಂತಿರುವುದನ್ನು ಕಾಣಬಹುದು. ಅರ್ಧ ದಿನ ಅದಕ್ಕೆಂದು ಇಡಿ.

ದ್ರಾಕ್ಷಿ ಒಣಗುವ ಜಾಗಕ್ಕೆ ನಡೆದುಹೋಗಿ

ಇಡೀ ಪ್ರವಾಸದ ತಿರುಳು ಇದು. ಊರಿನಿಂದ ಹೊರಟ ಯಾವ ದಾರಿಯಲ್ಲಿ ನಡೆದರೂ ಎದುರಿನ ಇಳಿಜಾರಿನಲ್ಲಿ ಒರಗಿಸಿಟ್ಟ ಮಂಚಗಳಂತೆ ಉದ್ದುದ್ದ ಆಯತಗಳು ಕಾಣುತ್ತವೆ. ಮೇಲ್ತುದಿಯಲ್ಲಿ ಸುಣ್ಣ ಬಳಿದ ತ್ರಿಕೋನದ ಗಿಡ್ಡ ಗೋಡೆ, ಅದರ ಕೆಳಗೆ ದಕ್ಷಿಣಕ್ಕೆ ಮುಖಮಾಡಿ ಇಳಿಯುವ ಹರಳುಮಣ್ಣಿನ ಹಾಸು. ಇವಕ್ಕೆ ಪಸೆರೊ ಎಂದು ಹೆಸರು. ಕತ್ತರಿಸಿದ ಗೊಂಚಲುಗಳನ್ನು ಇದರ ಮೇಲೆ ಒಂದಕ್ಕೊಂದು ತಾಗುವಂತೆ ಹರವುತ್ತಾರೆ. ಬಿಸಿಲಿಗೆ ಒಡ್ಡಿದ ಮೇಲ್ಮೈ ಕಂದಾದ ಮೇಲೆ ಸೊಂಟ ಬಗ್ಗಿಸಿ ಪ್ರತಿಯೊಂದು ಗೊಂಚಲನ್ನೂ ಕೈಯಲ್ಲೇ ಮಗುಚುತ್ತಾರೆ. ರಾತ್ರಿ ಇಬ್ಬನಿ ಬೀಳದಂತೆ, ಮೋಡ ಕವಿದಾಗ ಮಳೆ ತಾಗದಂತೆ, ತ್ರಿಕೋನದ ಗೋಡೆಯ ಆಧಾರದಲ್ಲಿ ತಾಡಪಾಲು ಎಳೆದು ಮುಚ್ಚುತ್ತಾರೆ. ಆ ಗೋಡೆ ಇರುವುದು ಅದಕ್ಕಾಗಿಯೇ. ಬಿಸಿಲಿನ ಖಾರ ನೋಡಿಕೊಂಡು ಎರಡು ವಾರ ಆಚೀಚೆ ಹೀಗೆ ನಡೆಯುತ್ತದೆ. ಒಣಗಿದ ಮೇಲೆ ಕತ್ತರಿ ಹಿಡಿದು ಹಣ್ಣನ್ನು ತೊಟ್ಟಿನಿಂದ ಬಿಡಿಸುವ ಕೆಲಸ ಮನೆಯೊಳಗೆ ಶುರು.

ವಿಜಯಪುರದ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್‌ಗಳನ್ನು ನೋಡಿದವರಿಗೆ ಇಲ್ಲಿನ ಪದ್ಧತಿ ಇನ್ನಷ್ಟು ಬೆರಗು ಹುಟ್ಟಿಸುತ್ತದೆ. ನಮ್ಮಲ್ಲಿ ಬೀಜವಿಲ್ಲದ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಅಂತಸ್ತು ಅಂತಸ್ತಾದ ಬಲೆಗಳ ಮೇಲೆ ಒಣಗಿಸುತ್ತಾರೆ. ಬಣ್ಣ ತಿಳಿಯಾಗಿ ಉಳಿಯುತ್ತದೆ. ಇಲ್ಲಿ ಅದ್ದುವ ಕ್ರಮವಿಲ್ಲ, ನೆರಳೂ ಇಲ್ಲ. ಹಾಗಾಗಿ ಹಣ್ಣು ನೇರಳೆಗಪ್ಪಾಗಿ ಸುಕ್ಕುಗಟ್ಟುತ್ತದೆ. ಯಂತ್ರ ಕಾಲಿಡಲಾಗದ ಇಳಿಜಾರಾದ್ದರಿಂದ ಗೊಂಚಲು ತುಂಬಿದ ಪೆಟ್ಟಿಗೆಗಳನ್ನು ಹಲವೆಡೆ ಇವತ್ತಿಗೂ ಹೇಸರಗತ್ತೆಯ ಬೆನ್ನ ಮೇಲೆ ಹೊರಿಸಿ ತರುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಈ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅಷ್ಟರಿಂದಲೇ ರೈತರ ಮಕ್ಕಳು ಹೊಲಕ್ಕೆ ಮರಳುವುದಿಲ್ಲ ಎಂಬುದು ನಿಜ. ಪಾಳುಬಿದ್ದ ಪಸೆರೊಗಳೂ ದಾರಿಯುದ್ದಕ್ಕೂ ಕಾಣಸಿಗುತ್ತವೆ. 1878ರಲ್ಲಿ ಇದೇ ಸೀಮೆಯ ಮೊಕ್ಲಿನೆಹೊದಲ್ಲಿ ಫಿಲೊಕ್ಸೆರಾ ಎಂಬ ಬೇರುಹೇನು ಕಾಣಿಸಿಕೊಂಡು ಬಳ್ಳಿಗಳನ್ನು ನೆಲಸಮ ಮಾಡಿತ್ತು. ಆಗ ಎಷ್ಟೋ ಮಂದಿ ಊರು ಬಿಟ್ಟರು. ಉಳಿದವರು ಆ ಹೇನನ್ನು ತಾಳಬಲ್ಲ ಅಮೆರಿಕದ ದ್ರಾಕ್ಷಿ ಬೇರಿಗೆ ಕಸಿಕಟ್ಟಿ ಮತ್ತೆ ಬೆಳೆಸಿದ ತೋಟಗಳ ಮುಂದುವರಿಕೆಯೇ ಈಗ ನಮ್ಮ ಕಣ್ಣೆದುರು ಇರುವುದು.

ಪಸೆರೊಗಳ ಒಳಗೆ ಕಾಲಿಡಬೇಡಿ, ಗೊಂಚಲು ಮುಟ್ಟಬೇಡಿ. ಕೆಲಸ ಮಾಡುತ್ತಿರುವವರನ್ನು 'ಬುವೆನೋಸ್ ದಿಯಾಸ್' (ಶುಭೋದಯ) ಎಂದು ಮಾತನಾಡಿಸಿ, ಕೇಳಿಯೇ ಫೋಟೊ ತೆಗೆಯಿರಿ. ನೀರು, ಟೊಪ್ಪಿ, ಜಾರದ ಬೂಟು ಇರಲಿ. ಹೆಚ್ಚು ನಡೆಯಬಲ್ಲವರಿಗೆ ಮಾಲಗಾದ ಮಹಾಪಥ ಎನ್ನಬಹುದಾದ ಜಿಆರ್ 249 ಕಾಲುದಾರಿ ಕೋಂಪೆತಾದ ಮೂಲಕವೇ ಹಾಯುತ್ತದೆ. ಬಿಳಿ ಕೆಂಪು ಪಟ್ಟೆಗಳ ಗುರುತು ಹಿಡಿದು ಹೋಗಬಹುದು. ಫ್ರಿಹಿಲಿಯಾನಾದ ದಿಕ್ಕಿನ ಬೆಟ್ಟಗಳಲ್ಲಿ ಅಸೆಬುಚಾಲ್ ಎಂಬ ಪುಟ್ಟ ಹಳ್ಳಿ ಇದೆ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊನ ಆಡಳಿತದ ಕಾಲದಲ್ಲಿ, 1940ರ ದಶಕದ ಕೊನೆಗೆ, ಬೆಟ್ಟದ ಬಂಡುಕೋರರಿಗೆ ನೆರವಾಗುತ್ತಾರೆಂದು ಅಲ್ಲಿನ ಜನರನ್ನು ಒಕ್ಕಲೆಬ್ಬಿಸಲಾಯಿತು. ಮನೆಗಳು ಕುಸಿದು ಅರ್ಧ ಶತಮಾನ ಕಳೆದ ಮೇಲೆ ಊರಿಗೆ ಸೇರಿದವರೇ ಮರಳಿ ಒಂದೊಂದಾಗಿ ಕಟ್ಟಿ ನಿಲ್ಲಿಸಿದರು.

ವೈನ್ ಮತ್ತು ಊಟ

ಇಲ್ಲಿನ ಸಿಹಿ ವೈನಿಗೆ ದ್ರಾಕ್ಷಿಯನ್ನು ಮೊದಲು ಬಿಸಿಲಿನಲ್ಲಿ ಕೆಲವು ದಿನ ಬಾಡಿಸುತ್ತಾರೆ. ನೀರು ಆರಿ ಸಕ್ಕರೆ ಗಟ್ಟಿಯಾದ ಹಣ್ಣನ್ನು ಹಿಂಡಿದರೆ ರಸ ಕೊಂಚವೇ ಬರುತ್ತದೆ, ಆದರೆ ಜೇನಿನ ಬಣ್ಣದ್ದು. ಚಿಕ್ಕ ಲೋಟದಲ್ಲಿ, ತಣ್ಣಗೆ, ನಿಧಾನವಾಗಿ ಸವಿಯುವಂಥದ್ದು. ಸಿಹಿಯ ಮರೆಯಲ್ಲಿ ಮದ್ಯದ ಪ್ರಮಾಣ ಗೊತ್ತಾಗುವುದಿಲ್ಲ. ಕಾರು ಓಡಿಸುವವರು ಅಂದು ಮುಟ್ಟಬಾರದು. ಮೊಸ್ಕಾತೆಲ್‌ನಿಂದಲೇ ಮಾಡಿದ, ಸಿಹಿಯಿಲ್ಲದ ವೈನನ್ನೂ ಕೇಳಿ ರುಚಿ ನೋಡಿ. ವೈನ್ ಮನೆಗಳಿಗೆ ಹೋಗುವುದಾದರೆ ಮುಂಚಿತವಾಗಿ ತಿಳಿಸಿ. ಕೊಯ್ಲಿನ ದಿನಗಳಲ್ಲಿ ಅವರಿಗೆ ಬಿಡುವಿರುವುದಿಲ್ಲ.

ಸಸ್ಯಾಹಾರಿಗಳು ತುಸು ಎಚ್ಚರ ವಹಿಸಬೇಕು. ತರಕಾರಿ ಪಲ್ಯವೆಂದು ಬಂದದ್ದರಲ್ಲಿ ಹಂದಿಮಾಂಸದ ಚೂರು, ಕಿತ್ತಳೆ ಆಲೂಗಡ್ಡೆಯ ಕೋಸಂಬರಿಯಲ್ಲಿ ಉಪ್ಪುಮೀನು ಇರುವುದು ಇಲ್ಲಿ ಮಾಮೂಲು. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ' (ಮಾಂಸ ಬೇಡ, ಮೀನು ಬೇಡ) ಎಂದು ಎರಡನ್ನೂ ಹೇಳಿ. ನೆಚ್ಚಿ ತಿನ್ನಬಹುದಾದ ಎರಡು ತಿನಿಸುಗಳಿವೆ. ಒಂದು, ಬಾದಾಮಿ, ಬೆಳ್ಳುಳ್ಳಿ, ಬ್ರೆಡ್, ಆಲಿವ್ ಎಣ್ಣೆ, ವಿನೆಗರ್ ಸೇರಿಸಿ ರುಬ್ಬಿದ ಅಹೊಬ್ಲಾಂಕೊ ಎಂಬ ತಣ್ಣನೆಯ ಬಿಳಿ ಸಾರು. ಮೇಲೆ ಮೊಸ್ಕಾತೆಲ್ ದ್ರಾಕ್ಷಿ ಉದುರಿಸಿ ಕೊಡುತ್ತಾರೆ. ಇನ್ನೊಂದು, ಕರಿದ ಬದನೆಯ ಮೇಲೆ ಕಬ್ಬಿನ ಕಾಕಂಬಿ ಸುರಿದದ್ದು. ಆ ಕಾಕಂಬಿಯನ್ನು ಫ್ರಿಹಿಲಿಯಾನಾದ ಹಳೆಯ ಕಾರ್ಖಾನೆಯಲ್ಲಿ ಈಗಲೂ ತಯಾರಿಸುತ್ತಾರೆ.

ಮನೆಗೆ ತರುವುದು

ವೈನ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ವಿಮಾನದ ಸಾಮಾನು ವಿಭಾಗಕ್ಕೆ ಹಾಕುವ ಪೆಟ್ಟಿಗೆಯಲ್ಲೇ ಇಡಬೇಕು. ಒಬ್ಬ ಪ್ರಯಾಣಿಕ ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್. ಒಣದ್ರಾಕ್ಷಿ ಕೊಳ್ಳುವಾಗ ಪೊಟ್ಟಣದ ಮೇಲೆ 'ಪಾಸಾಸ್ ದೆ ಮಾಲಗಾ' ಎಂಬ ಮೂಲಸ್ಥಾನದ ಮುದ್ರೆ ಇದೆಯೇ ನೋಡಿ. ಹೊಸ ಫಸಲು ಕೈಗೆ ಸಿಗುವುದು ಶರತ್ಕಾಲದಲ್ಲಿ. ಆದ್ದರಿಂದ ಆಗಸ್ಟ್‌ನಲ್ಲಿ ಹೋದವರಿಗೆ ದೊರೆಯುವುದು ಹಿಂದಿನ ವರ್ಷದ್ದು. ಅಂಗಡಿಯವರನ್ನು ಕೇಳಿಯೇ ತೆಗೆದುಕೊಳ್ಳಿ. ಬೀಜ ಇರುವುದರಿಂದ ಪಾಯಸಕ್ಕೆ ಹಾಕುವವರು ಮೊದಲು ಸೀಳಿ ಬೀಜ ತೆಗೆಯಬೇಕು. ಬೆಲೆ ಮಾಮೂಲಿ ಒಣದ್ರಾಕ್ಷಿಗಿಂತ ಜಾಸ್ತಿ. ಅಷ್ಟನ್ನೂ ಕೈಯಿಂದಲೇ ಕೊಯ್ದು, ಮಗುಚಿ, ಬಿಡಿಸಿದ್ದೆಂಬುದನ್ನು ಕಣ್ಣಾರೆ ಕಂಡವರು ಚೌಕಾಸಿಗೆ ಇಳಿಯದಿರುವುದು ಒಳ್ಳೆಯದು.